ಇಪ್ಪತ್ತರ ಜೆಕ್ವೆರಿ

"ಜೆಕ್ವೆರಿನಾ? ಅದು ಸತ್ತು ಯಾವ ಕಾಲ ಆಯ್ತು!" ವೆಬ್ ಕೆಲಸ ಮಾಡುವ ಹುಡುಗರ ಬಾಯಲ್ಲಿ ಈ ಮಾತನ್ನು ವರ್ಷಗಳಿಂದ ಕೇಳುತ್ತಿದ್ದೇನೆ. ಹಾಗೆ ಅಂದವರೇ ಸಂಜೆ ಕನ್ನಡ ವಿಕಿಪೀಡಿಯಕ್ಕೆ ಹೋಗಿ ಒಂದು ಸಾಲು ತಿದ್ದುತ್ತಾರೆ ಅನ್ನಿ. ಕನ್ನಡ ಟೈಪಿಸುವ ಕೆಜಿಪಿ ಕೀಲಿಮಣೆ ಆರಿಸಿ ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತುತ್ತಾರೆ. 'ಕನ್ನಡ' ಮೂಡುತ್ತದೆ. ಒತ್ತಿದ ಒಂದೊಂದು ಕೀಯನ್ನೂ ಹಿಡಿದು, ಕರ್ಸರಿನ ಹಿಂದೆ ಯಾವ ಅಕ್ಷರ ಇದೆ ಅಂತ ನೋಡಿ, ಸರಿಯಾದದ್ದನ್ನು ತಂದು ಕೂರಿಸುವುದು ಜೆಕ್ವೆರಿ.ಐಎಂಇ. ಹೆಸರೇ ಹೇಳುವ ಹಾಗೆ ಅದು ನಿಂತಿರುವುದು ಜೆಕ್ವೆರಿಯ ಹೆಗಲ ಮೇಲೆ. ಸತ್ತವನ ಕೈಯಲ್ಲಿ ಬರೆಸಿಕೊಂಡ ಹಾಗಾಯ್ತು, ಅಲ್ವಾ?

ಜೆಕ್ವೆರಿ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ, ಅಂದರೆ ವೆಬ್ ಪುಟಗಳಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಮೊದಲೇ ಬರೆದಿಟ್ಟ ಕೋಡಿನ ಕಟ್ಟು. (ಇದನ್ನು 'ಗ್ರಂಥಾಲಯ' ಎಂದು ಅನುವಾದ ಮಾಡುವವರನ್ನು ನಾನಿನ್ನೂ ಕ್ಷಮಿಸಿಲ್ಲ.) ಜಾನ್ ರೆಸಿಗ್ ಇದನ್ನು 2006ರ ಜನವರಿಯಲ್ಲಿ ನ್ಯೂಯಾರ್ಕಿನ ಬಾರ್‌ಕ್ಯಾಂಪ್ ಎಂಬ ತಂತ್ರಜ್ಞರ ಕೂಟದಲ್ಲಿ ತೋರಿಸಿದರು. ಅದೇ ಆಗಸ್ಟ್‌ನಲ್ಲಿ 1.0 ಬಂತು. ಆಗ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಎಂಬ ಬ್ರೌಸರ್‌ನ ದರ್ಬಾರು. ಗುಂಡಿ ಒತ್ತಿದಾಗ ಏನೋ ಆಗಬೇಕು ಎಂದರೆ ಫೈರ್‌ಫಾಕ್ಸ್‌ಗೆ ಒಂದು ಭಾಷೆ, ಎಕ್ಸ್‌ಪ್ಲೋರರ್‌ಗೆ ಇನ್ನೊಂದು. ಒಂದೇ ಕೆಲಸಕ್ಕೆ ಎರಡು ಸಲ ಕೋಡ್ ಬರೆದು ಸುಸ್ತಾದವರಿಗೆ ಜೆಕ್ವೆರಿಯನ್ನು ಕರೆಯುವ ಈ ಡಾಲರ್ ($) ಗುರುತು ದೇವರು ಬಂದ ಹಾಗೆ ಬಂತು.

ಆ ಡಾಲರ್ ಗುರುತಿನ ಒಳಗೆ ಏನಾಗುತ್ತದೆ ಎಂಬುದೇ ನನಗೆ ಇಷ್ಟದ ಭಾಗ. ಪುಟದಲ್ಲಿ 'ಬೆಲೆ' ಎಂಬ ಕ್ಲಾಸ್ (ಪುಟದ ಭಾಗಗಳಿಗೆ ಅಂಟಿಸುವ ಗುರುತಿನ ಹೆಸರು) ಇರುವುದನ್ನೆಲ್ಲ ಹುಡುಕು ಅಂತ ಹೇಳಿದಿರಿ ಎಂದುಕೊಳ್ಳಿ. ಹೊಸಬನೊಬ್ಬ ಊರಿಗೆ ಬಂದು 'ನೀಲಿ ಬಾಗಿಲಿನ ಮನೆಗಳು ಎಲ್ಲೆಲ್ಲಿವೆ' ಎಂದು ಹುಡುಕಿದ ಹಾಗೆ ಇದು. 2006ರ ಎಕ್ಸ್‌ಪ್ಲೋರರ್‌ಗೆ ಹಾಗೆ ಕೇಳಿದರೆ ಅರ್ಥವೇ ಆಗುತ್ತಿರಲಿಲ್ಲ. ಹಾಗಾಗಿ ಜೆಕ್ವೆರಿ ಬೀದಿ ಬೀದಿ ಸುತ್ತಿ, ಒಂದೊಂದೇ ಬಾಗಿಲು ನೋಡಿ ಪಟ್ಟಿ ಮಾಡಿ ತರುತ್ತಿತ್ತು. ಆಮೇಲೆ ಬ್ರೌಸರ್‌ಗಳೇ ಪೋಸ್ಟ್‌ಮ್ಯಾನ್ ಇಟ್ಟುಕೊಂಡವು. 2009ರ ಎಕ್ಸ್‌ಪ್ಲೋರರ್ 8ಕ್ಕೂ ಹೀಗೆ ಹುಡುಕಿಕೊಡುವ ಕ್ವೆರಿಸೆಲೆಕ್ಟರ್‌ಆಲ್ ಎಂಬ ಆಜ್ಞೆ ಬಂತು. ಇಡೀ ಊರು ಬಾಯಿಪಾಠ ಇರುವವನು ಪೋಸ್ಟ್‌ಮ್ಯಾನ್. ಜೆಕ್ವೆರಿಯ ಜಾಣತನ ನೋಡಿ: ಪೋಸ್ಟ್‌ಮ್ಯಾನ್ ಇದ್ದರೆ ಮೊದಲು ಅವನನ್ನೇ ಕೇಳುತ್ತದೆ. ಇಲ್ಲದಿದ್ದರೆ, ಅಥವಾ ಪ್ರಶ್ನೆ ಅವನಿಗೆ ಅರ್ಥವಾಗದಿದ್ದರೆ, ತಾನೇ ಚಪ್ಪಲಿ ಮೆಟ್ಟಿ ಹೊರಡುತ್ತದೆ. ಮನೆಗೆ ನಲ್ಲಿ ಬಂದ ಮೇಲೂ ಬಾವಿಯ ಹಗ್ಗ ಬಿಸಾಡದ ಅಜ್ಜಿಯ ಬುದ್ಧಿ ಇದು. ನಲ್ಲಿಯಲ್ಲಿ ನೀರು ಬರೋ ತನಕ ನಲ್ಲಿ, ನಿಂತರೆ ಬಾವಿ. ನೀವು ಮಾತ್ರ ಕೊಡ ಚಾಚಿದರೆ ಸಾಕು.

ಹೀಗೆ ಅದರ ಕೆಲಸ ಒಂದೊಂದಾಗಿ ಬ್ರೌಸರ್‌ನ ಕೈಗೆ ಹೋಯಿತು. 2018ರಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್ ತನ್ನ ಪುಟಗಳಿಂದ ಜೆಕ್ವೆರಿ ತೆಗೆದು ಮುಗಿಸಿತು. 2021ರಲ್ಲಿ ಪುಟ ವಿನ್ಯಾಸದ ಸಲಕರಣೆ ಬೂಟ್‌ಸ್ಟ್ರಾಪ್ 5 ಕೂಡ ಕೈಬಿಟ್ಟಿತು. ಸತ್ತಿತು ಅನ್ನುವವರು ಎಣಿಸುವುದು ಇವನ್ನೇ. ಆದರೆ ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಹಾಕಿದರೆ ಜೊತೆಗೆ ಜೆಕ್ವೆರಿಯೂ ಬರುತ್ತದೆ. ಲೋಕದ ಐದು ವೆಬ್‌ಸೈಟ್‌ಗಳಲ್ಲಿ ಎರಡಾದರೂ ವರ್ಡ್‌ಪ್ರೆಸ್‌ನವು. ಸಾವಿನ ಲೆಕ್ಕ ಹಾಕುವವರು ಇದನ್ನೂ ಸ್ವಲ್ಪ ಕೂಡಿಸಬೇಕು.

ನನಗೆ ಸಿಟ್ಟು ಬರುವುದು ಇನ್ನೊಂದು ಮೂಢನಂಬಿಕೆಯ ಮೇಲೆ. 'ನಡೀತಿದೆಯಲ್ಲ, ಸುಮ್ನೆ ಮುಟ್ಟಬೇಡಿ' ಎಂಬುದು. ಈಚೆಗೆ ಅರ್ಜಿ ತುಂಬುವ ಒಂದು ಪುಟ ಮಧ್ಯದಲ್ಲೇ ಕೈಕೊಟ್ಟಿತು. ಮೂಲ ತೆರೆದು ನೋಡಿದರೆ ಜೆಕ್ವೆರಿ 1.7, ಅಂದರೆ 2011ರದ್ದು. ನಾಗರಕಲ್ಲಿನ ಹಾಗೆ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದಾರೆ, ಜರುಗಿಸಲು ಯಾರಿಗೂ ಧೈರ್ಯವಿಲ್ಲ. ಕೋಡಿಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದರಲ್ಲಿ ಮೊದಲಿನಿಂದ ಇದ್ದ ಬಿರುಕು ಎಷ್ಟೋ ವರ್ಷದ ಮೇಲೆ ಯಾರದ್ದೋ ಕಣ್ಣಿಗೆ ಬೀಳುತ್ತದೆ. 2020ರ ಏಪ್ರಿಲ್‌ನಲ್ಲಿ 3.5.0 ಬಂದದ್ದು ಅಂಥದ್ದೊಂದನ್ನು ಮುಚ್ಚುವುದಕ್ಕೆ. ನೀವು ಕೊಟ್ಟ ಎಚ್‌ಟಿಎಂಎಲ್‌ನಲ್ಲಿ (ಪುಟ ಕಟ್ಟುವ ಭಾಷೆ) ಟ್ಯಾಗ್ ಅರೆಬರೆ ಮುಚ್ಚಿದ್ದರೆ ಜೆಕ್ವೆರಿ ಒಳ್ಳೇ ಮನಸ್ಸಿನಿಂದ ತಾನೇ ಸರಿಮಾಡುತ್ತಿತ್ತು. ಆ ಸರಿಮಾಡುವ ಭರದಲ್ಲಿ, ಸೋಸಿ ಕೊಟ್ಟ ಪಠ್ಯದಲ್ಲೂ ಕೆಲವೊಮ್ಮೆ ಕಳ್ಳ ಸ್ಕ್ರಿಪ್ಟ್ ಜೀವ ಪಡೆದು ಓಡಬಹುದಿತ್ತು. 1.2ರಿಂದಲೂ ಇದ್ದ ತೊಂದರೆ ಅದು. 1.7 ಇಟ್ಟುಕೊಂಡು ಕೂತವರ ಮನೆಯಲ್ಲಿ ಇವತ್ತಿಗೂ ಇದೆ.

ಹಾಗಾದರೆ ಮುಂದೇನು? ನಾಲ್ಕನೇ ಆವೃತ್ತಿ ನೋಡಿದರೆ ದಾರಿ ಕಾಣುತ್ತದೆ. ಅದರ ಬೀಟಾ 2024ರ ಫೆಬ್ರವರಿಯಲ್ಲಿ ಬಂತು. ಸೇರಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಜಾಸ್ತಿ. ಎಕ್ಸ್‌ಪ್ಲೋರರ್ 10 ಮತ್ತು ಅದಕ್ಕೂ ಹಳೆಯವಕ್ಕೆ ವಿದಾಯ. 11ನ್ನು ಮಾತ್ರ ಇನ್ನೂ ಸಾಕುತ್ತಿದ್ದಾರೆ, ಮೈಕ್ರೋಸಾಫ್ಟ್ 2022ರಲ್ಲೇ ಅದನ್ನು ಮನೆಗೆ ಕಳಿಸಿದ್ದರೂ! ಪದದ ಅಕ್ಕಪಕ್ಕದ ಖಾಲಿ ಜಾಗ ಕತ್ತರಿಸುವ 'ಟ್ರಿಮ್' ಕೂಡ ಹೋಯಿತು, ಬ್ರೌಸರ್‌ಗೇ ಅದು ಗೊತ್ತಿದೆಯಲ್ಲ. ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಪರವಾನಗಿಯ ಕೋಡ್ ಇದು, ಯಾರೂ ಕಿತ್ತುಕೊಳ್ಳಲಾರರು. ಓಪನ್‌ಜೆಎಸ್ ಫೌಂಡೇಶನ್ ಎಂಬ ಸಂಸ್ಥೆಯ ಸೂರು ಇದೆ. ನನ್ನ ಲೆಕ್ಕದಲ್ಲಿ ಇದು ಇನ್ನೂ ಸಣ್ಣದಾಗುತ್ತಾ, ಬಿರುಕು ಕಂಡಾಗ ಮುಚ್ಚಿಸಿಕೊಳ್ಳುತ್ತಾ, ಸದ್ದಿಲ್ಲದೆ ಬಹಳ ಕಾಲ ಉಳಿಯುತ್ತದೆ. ಹೊಸ ಕೆಲಸಕ್ಕೆ ನಾನಂತೂ ಇದನ್ನು ಆರಿಸುವುದಿಲ್ಲ, ಹಳೆಯದರಿಂದ ಕೀಳುವ ಅವಸರವೂ ಇಲ್ಲ.

ಹಳೇ ಕೋಡಿನಲ್ಲಿ ಏನೇನು ಒಡೆಯುತ್ತದೆ ಎಂದು ಹೇಳಲು ಜೆಕ್ವೆರಿ ಮೈಗ್ರೇಟ್ ಎಂಬ ಜೊತೆಗಾರ ಇದ್ದಾನೆ. ಮೊನ್ನೆ ಅದನ್ನು ನನ್ನ ಸ್ವಂತ ಪುಟಕ್ಕೇ ಹಾಕಿ ನೋಡಿದೆ. ಬ್ರೌಸರ್ ಸಂದೇಶ ತೋರಿಸುವ ಕನ್ಸೋಲ್ ತುಂಬ ಎಚ್ಚರಿಕೆಯ ಹಳದಿ ಸಾಲುಗಳು. ಆಮೇಲೆ ಹುಡುಕಿದರೆ ಟ್ರಿಮ್ ಒಂದೇ ಹದಿನಾರು ಕಡೆ ಇತ್ತು. ಇವತ್ತಿಗೆ ಏಳು ತೆಗೆದಿದ್ದೇನೆ.