ಬೋರ್ಡ್ ಯಾಕೆ ರಿಸೆಟ್ ಆಯಿತು? ಚಿಪ್ಪನ್ನೇ ಕೇಳಿ

ವಿಜಯಪುರದ ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಫೋನ್ ಮಾಡಿದ್ದರು. "ಸರ್, ಮೋಟರ್ ಬಂದ್ ಆದ ಕೂಡ್ಲೆ ನಿಮ್ಮ ಡಬ್ಬಿ ಮತ್ತ ಮೊದಲಿಂದ ಸುರು ಆಗತೈತ್ರಿ. ಯಾವ ಪ್ಲಾಟಿಗೆ ಎಷ್ಟು ನೀರು ಹೋತು ಅನ್ನೂದು ಮರತ ಬಿಡತೈತಿ."

ಡಬ್ಬಿ ಎಂದರೆ ಬೆಳಗಾವಿ ಉದ್ಯಮಬಾಗದ ನಮ್ಮ ಶೆಡ್‌ನಲ್ಲಿ ಮಾಡಿದ ಡ್ರಿಪ್ ಕಂಟ್ರೋಲರ್. ಒಳಗಿರುವುದು ಎಸ್‌ಟಿಎಂ32ಎಫ್103 ಚಿಪ್ಪಿನ ಸಣ್ಣ ಬೋರ್ಡ್. ನಮ್ಮ ಹುಡುಗರು ಎರಡು ದಿನ ಕೋಡ್ ತಿದ್ದುತ್ತಾ ಕೂತರು. ಅಷ್ಟು ಕಷ್ಟ ಬೇಕಿರಲಿಲ್ಲ.

ತಾನು ಯಾಕೆ ರಿಸೆಟ್ ಆದೆ ಎನ್ನುವುದನ್ನು ಚಿಪ್ ಬರೆದಿಟ್ಟುಕೊಂಡಿರುತ್ತದೆ. ಇದರಲ್ಲಿ ಆ ಜಾಗದ ಹೆಸರು ಆರ್‌ಸಿಸಿ_ಸಿಎಸ್‌ಆರ್ ರಿಜಿಸ್ಟರ್. ಕರೆಂಟ್ ಹೋಗಿ ಬಂತಾ, ಪ್ರೋಗ್ರಾಮ್ ಸಿಕ್ಕಿಕೊಂಡರೆ ಮತ್ತೆ ಶುರು ಮಾಡಿಸುವ ವಾಚ್‌ಡಾಗ್ ರಿಸೆಟ್ ಮಾಡಿತಾ, ಕೋಡೇ ರಿಸೆಟ್ ಕೇಳಿತಾ, ರಿಸೆಟ್ ಪಿನ್ ಗ್ರೌಂಡಿಗೆ ಇಳಿಯಿತಾ, ಒಂದೊಂದಕ್ಕೂ ಒಂದೊಂದು ಬಿಟ್, ಅಂದರೆ 0 ಅಥವಾ 1 ಆಗುವ ಗುರುತು. ಪ್ರೋಗ್ರಾಮ್ ಶುರುವಾದ ತಕ್ಷಣ ಅದನ್ನು ಓದಿ ಸೀರಿಯಲ್ ಪೋರ್ಟಿನಿಂದ ಕಂಪ್ಯೂಟರಿಗೆ ಕಳಿಸಿ. ಆಮೇಲೆ ಅದೇ ರಿಜಿಸ್ಟರಿನ ಆರ್‌ಎಂವಿಎಫ್ ಬಿಟ್ ಅನ್ನು 1 ಮಾಡಿ ಗುರುತುಗಳನ್ನು ಅಳಿಸಿ, ಇಲ್ಲದಿದ್ದರೆ ಹಳೆಯ ಗುರುತು ಹಾಗೇ ಉಳಿದು ದಾರಿ ತಪ್ಪಿಸುತ್ತದೆ. ಇನ್ನೊಂದು ಮಾತು: ಚಿಪ್ ಒಳಗಿನಿಂದ ರಿಸೆಟ್ ಆದಾಗಲೂ ರಿಸೆಟ್ ಪಿನ್ ಕೆಳಗೆ ಎಳೆಯಲ್ಪಡುತ್ತದೆ. ಹಾಗಾಗಿ ಪಿನ್ ಬಿಟ್ ಯಾವಾಗಲೂ ಕಾಣುತ್ತದೆ. ಅದೊಂದೇ ಇದ್ದರೆ ಮಾತ್ರ ಹೊರಗಿನಿಂದ ಬಂದ ರಿಸೆಟ್ ಎಂದು ತಿಳಿಯಿರಿ.

ನಮಗೆ ಸಿಕ್ಕಿದ್ದು ಅದೊಂದೇ. ಪ್ಯಾನಲ್ ಬಾಗಿಲಿನ ರಿಸೆಟ್ ಬಟನ್ನಿಗೆ ಎರಡಡಿ ತಂತಿ ಎಳೆದಿದ್ದೆವು. ಅದು ಮೋಟರನ್ನು ಚಾಲೂ-ಬಂದ್ ಮಾಡುವ ಕಾಂಟ್ಯಾಕ್ಟರ್ ಸ್ವಿಚ್ಚಿನ ಕಾಯಿಲ್ ತಂತಿಯ ಜೊತೆಗೇ ಕಟ್ಟಿತ್ತು. ಕಾಯಿಲ್ ಬಂದ್ ಆಗುವಾಗ ಏಳುವ ಸರ್ಜ್ ಪಕ್ಕದ ತಂತಿಗೂ ತಟ್ಟುತ್ತದೆ. ರಿಸೆಟ್ ಪಿನ್ನನ್ನು ಮೇಲೆ ಹಿಡಿದಿಡುವ ಚಿಪ್ ಒಳಗಿನ ಪುಲ್‌ಅಪ್ ರೆಸಿಸ್ಟರ್ ಸುಮಾರು 40 ಕಿಲೋ ಓಮ್, ಇಂಥ ಹೊಡೆತ ತಡೆಯಲು ಅದು ಸಾಲದು. ಬಟನ್ ತಂತಿಯನ್ನು ಬೇರೆ ದಾರಿಯಲ್ಲಿ ಗಿಡ್ಡವಾಗಿ ಎಳೆದೆವು. ರಿಸೆಟ್ ಪಿನ್ನಿಗೂ ಗ್ರೌಂಡಿಗೂ ನಡುವೆ 104 ಎಂದು ಬರೆದಿರುವ ಕೆಪಾಸಿಟರ್ ಹಾಕಿದೆವು, ಅಂದರೆ 0.1 ಮೈಕ್ರೋಫ್ಯಾರಡ್. ಕಾಯಿಲ್‌ಗೆ ಸರ್ಜ್ ತಗ್ಗಿಸುವ ಸ್ನಬ್ಬರ್ ಕಟ್ಟಿದೆವು. ಕೋಡಿನಲ್ಲಿ ಒಂದು ಸಾಲೂ ಬದಲಾಗಲಿಲ್ಲ, ತೊಂದರೆ ನಿಂತಿತು.

ಇಂಟರ್ನ್‌ಶಿಪ್‌ಗೆ ಬರುವ ಹುಡುಗರು ಹೇಳುವುದು ಬೇರೆ: "ಸರ್, ಬೋರ್ಡ್ ಸತ್ತೈತಿ, ಎಸ್‌ಟಿ-ಲಿಂಕ್ ಹಿಡಿಯವಲ್ದು." ಎಸ್‌ಟಿ-ಲಿಂಕ್ ಎಂದರೆ ಕಂಪ್ಯೂಟರಿನಿಂದ ಚಿಪ್ಪಿಗೆ ಕೋಡ್ ಹಾಕುವ, ತಪ್ಪು ಹುಡುಕುವ ಡೀಬಗ್ಗರ್ ಸಾಧನ. ಬಹಳ ಸಲ ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಚಿಪ್ಪಿನ ಪಿನ್‌ಗಳನ್ನು ಹೊಂದಿಸುವ ಕ್ಯೂಬ್‌ಎಂಎಕ್ಸ್ ಸಾಫ್ಟ್‌ವೇರಿನಲ್ಲಿ ಡೀಬಗ್ ಜಾಗದಲ್ಲಿ "ಸೀರಿಯಲ್ ವೈರ್" ಆರಿಸಲು ಮರೆತಿರುತ್ತಾರೆ. ಆಗ ಕೋಡ್ ಓಡಿದ ಕೂಡಲೇ ಪಿಎ13, ಪಿಎ14 ಪಿನ್‌ಗಳಲ್ಲಿ ಡೀಬಗ್ಗರ್‌ನ ದಾರಿ ಮುಚ್ಚುತ್ತದೆ. ಕೋಡ್ ಓಡುವ ಮೊದಲೇ ಹಿಡಿಯಬೇಕು, ಅಷ್ಟೇ. ರಿಸೆಟ್ ಬಟನ್ ಒತ್ತಿ ಹಿಡಿದು, ಕನೆಕ್ಟ್ ಕೊಟ್ಟು, ಬಟನ್ ಬಿಡಿ. ಆಗದಿದ್ದರೆ ಬೂಟ್0 ಜಂಪರನ್ನು 1ಕ್ಕೆ ಹಾಕಿ ರಿಸೆಟ್ ಮಾಡಿ. ಆಗ ನಿಮ್ಮ ಕೋಡ್ ಓಡುವುದಿಲ್ಲ, ಚಿಪ್ಪಿನಲ್ಲಿ ಮೊದಲೇ ಇರುವ ಬೂಟ್‌ಲೋಡರ್ ಪ್ರೋಗ್ರಾಮ್ ಓಡುತ್ತದೆ. ಆರಾಮಾಗಿ ಅಳಿಸಿ ಹೊಸದು ಹಾಕಬಹುದು.

ನಮ್ಮ ಈಗಿನ ಬೋರ್ಡ್‌ಗಳಲ್ಲಿ ಪ್ರೋಗ್ರಾಮಿಂಗ್ ಕನೆಕ್ಟರಿಗೆ ನಾಲ್ಕು ತಂತಿಯ ಜೊತೆ ರಿಸೆಟ್ ತಂತಿಯನ್ನೂ ತಂದಿದ್ದೇವೆ. ಈ ಹಿಡಿದು ಬಿಡುವ ಕೆಲಸವನ್ನು ಡೀಬಗ್ಗರೇ ಮಾಡಿಕೊಳ್ಳುತ್ತದೆ.