ವಿನ್ಯಾಸ ಅವಧಿ: ಇನ್ನೂ ಬಾರದವರಿಗಾಗಿ ಹೂಳುವ ಪೈಪು

ಕುಡಿಯುವ ನೀರಿನ ಯೋಜನಾ ವರದಿಗಳಲ್ಲಿ ‘ವಿನ್ಯಾಸ ಅವಧಿ 30 ವರ್ಷ’ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಪೈಪು ಮೂವತ್ತು ವರ್ಷ ಬಾಳಿಕೆ ಬರುತ್ತದೆ ಎಂದು ಹಲವರು ಅರ್ಥ ಮಾಡಿಕೊಳ್ಳುತ್ತಾರೆ. ಹಾಗಲ್ಲ, ಒಳ್ಳೆಯ ಕಬ್ಬಿಣದ ಕೊಳವೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಮಣ್ಣಿನಡಿ ಇರಬಲ್ಲದು. ನೀರು ಹರಿಯಲು ಶುರುವಾದ ಮೇಲೆ ಎಷ್ಟು ವರ್ಷಗಳವರೆಗೆ, ಬೆಳೆಯುತ್ತ ಹೋಗುವ ಜನಸಂಖ್ಯೆಗೆ ಯೋಜನೆಯ ಸಾಮರ್ಥ್ಯ ಸಾಲಬೇಕು ಎಂಬ ಲೆಕ್ಕವೇ ವಿನ್ಯಾಸ ಅವಧಿ.

ಒಂದೇ ಯೋಜನೆಯೊಳಗೂ ಈ ಅವಧಿ ಒಂದೇ ಅಲ್ಲ. ನೀರು ಪೂರೈಕೆ ಮತ್ತು ನೈರ್ಮಲ್ಯಕ್ಕೆ ತಾಂತ್ರಿಕ ಮಾನದಂಡ ರೂಪಿಸುವ ಕೇಂದ್ರದ ಸಿಪಿಎಚ್‌ಇಇಒ ಸಂಸ್ಥೆಯ 1999ರ ಕೈಪಿಡಿಯಲ್ಲಿ ಅಣೆಕಟ್ಟಿಗೆ 50 ವರ್ಷ, ಮುಖ್ಯ ಕೊಳವೆ ಮತ್ತು ವಿತರಣಾ ಜಾಲಕ್ಕೆ 30, ಪಂಪು, ಶುದ್ಧೀಕರಣ ಘಟಕ ಮತ್ತು ಮೇಲ್ಮಟ್ಟದ ಟ್ಯಾಂಕಿಗೆ 15 ಎಂದಿತ್ತು. ಈ ವ್ಯತ್ಯಾಸದ ಹಿಂದೆ ಗಟ್ಟಿ ಕಾರಣವಿದೆ. ಕೊಳವೆಯ ವ್ಯಾಸವನ್ನು ಇಮ್ಮಡಿ ಮಾಡಿದರೆ, ಘರ್ಷಣೆಯಿಂದಾಗುವ ಒತ್ತಡದ ನಷ್ಟ ಅಷ್ಟೇ ಇದ್ದರೂ, ನೀರು ಸುಮಾರು ಆರು ಪಟ್ಟು ಹರಿಯುತ್ತದೆ. ರಸ್ತೆ ಅಗೆಯುವ ಖರ್ಚು ಮಾತ್ರ ಆರು ಪಟ್ಟಾಗುವುದಿಲ್ಲ. ಆದ್ದರಿಂದ ಕೊಳವೆಯನ್ನು ಮೊದಲೇ ದೊಡ್ಡದಾಗಿ ಹೂಳುವುದು ಜಾಣತನ. ಪಂಪಿನ ಕಥೆ ಬೇರೆ. ಅದು ಸವೆಯುತ್ತದೆ, ಬದಲಾಯಿಸಬಹುದು, ಪಕ್ಕದಲ್ಲೇ ಇನ್ನೊಂದನ್ನು ಕೂರಿಸಬಹುದು. ಪಂಪ್‌ಹೌಸ್ ಕಟ್ಟಡಕ್ಕೆ 30 ವರ್ಷವನ್ನೂ ಒಳಗಿನ ಯಂತ್ರಕ್ಕೆ 15 ವರ್ಷವನ್ನೂ ಹಿಡಿಯುವುದು ಇದಕ್ಕೇ. ಕೆಲವು ಪಂಪ್‌ಹೌಸ್‌ಗಳಲ್ಲಿ ಯಂತ್ರವಿಲ್ಲದ ಕಾಂಕ್ರೀಟ್ ಪೀಠವೊಂದು ಖಾಲಿ ಬಿದ್ದಿರುತ್ತದೆ. ಅದನ್ನು ಕಂಡು ದುಂದುವೆಚ್ಚ ಎಂದು ಗೊಣಗಬೇಕಿಲ್ಲ. ಮುಂದೆ ಬರುವ ಪಂಪಿಗೆ ಕಾಯ್ದಿರಿಸಿದ ಜಾಗ ಅದು.

ಒಂದು ಕಾಲ್ಪನಿಕ ಬಡಾವಣೆ ತೆಗೆದುಕೊಳ್ಳಿ. ಇಂದು 10,000 ಜನ, ಮೂವತ್ತು ವರ್ಷದ ನಂತರ 40,000. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಅದೇ ಕೈಪಿಡಿಯ ಮಾನದಂಡ. ಅಂದರೆ 40,000 ಜನಕ್ಕೆ ದಿನಕ್ಕೆ 54 ಲಕ್ಷ ಲೀಟರ್. ಹೊರಟ ನೀರಿನಲ್ಲಿ ಶೇ 15ರಷ್ಟು ಸೋರಿಕೆಯೆಂದು ಹಿಡಿದರೆ 63 ಲಕ್ಷ ದಾಟುತ್ತದೆ. ಮೇಲಾಗಿ ಬೆಳಿಗ್ಗೆ ಎಲ್ಲರೂ ಒಟ್ಟಿಗೇ ನಲ್ಲಿ ತಿರುಗಿಸುತ್ತಾರಲ್ಲ! ಹಾಗಾಗಿ 50,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನ ವಿತರಣಾ ಕೊಳವೆಗಳು ಸರಾಸರಿಯ ಮೂರು ಪಟ್ಟು ಹರಿವನ್ನು ತಾಳಬೇಕು ಎಂದಿತ್ತು ಆ ಕೈಪಿಡಿ.

ಈ ಗುಣಾಕಾರ ಯಾರು ಬೇಕಾದರೂ ಮಾಡಬಹುದು. ಕಷ್ಟವಿರುವುದು ಆ 40,000ದಲ್ಲಿ. ಹಳೆಯ ಊರಿನ ಬೆಳವಣಿಗೆಯನ್ನು ಹಿಂದಿನ ಜನಗಣತಿಗಳಿಂದ ಒಂದಿಷ್ಟು ಅಂದಾಜಿಸಬಹುದು. ನಗರದ ಅಂಚಿನಲ್ಲಿ ಆ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದರೆ ಕೆಲಸಕ್ಕೆ ಬರುವುದಿಲ್ಲ. ಒಂದು ಮೆಟ್ರೊ ನಿಲ್ದಾಣವೋ ಐಟಿ ಪಾರ್ಕೋ ಬಂದರೆ ರಾಗಿ ಹೊಲ ಹತ್ತು ವರ್ಷದಲ್ಲಿ ಅಪಾರ್ಟ್‌ಮೆಂಟ್ ಸಾಲಾಗುತ್ತದೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 65 ಲಕ್ಷವಿದ್ದದ್ದು 2011ರಲ್ಲಿ 96 ಲಕ್ಷ ಮುಟ್ಟಿತು.

ಹಾಗೆಂದು ಕಣ್ಣು ಮುಚ್ಚಿ ದೊಡ್ಡದಾಗಿ ಕಟ್ಟಿದರೂ ತೊಂದರೆ ತಪ್ಪದು. ಜನ ಬಾರದಿದ್ದರೆ ದಪ್ಪ ಕೊಳವೆಯಲ್ಲಿ ನೀರು ತೆವಳುತ್ತದೆ, ತಳದಲ್ಲಿ ಕೆಸರು ಕೂರುತ್ತದೆ, ಕೊನೆಯ ಮನೆ ಮುಟ್ಟುವಷ್ಟರಲ್ಲಿ ಕ್ಲೋರಿನ್ ಇಲ್ಲವಾಗಿರುತ್ತದೆ. ಸಾಲದ ಬಡ್ಡಿಯನ್ನು ಈಗಿರುವ ಕೆಲವೇ ಮನೆಗಳು ಹೊರಬೇಕು. ಆದರೂ ನನ್ನ ಮಟ್ಟಿಗೆ, ನಮ್ಮ ನಗರಗಳ ಅಂಚಿನಲ್ಲಿ ಹೆಚ್ಚು ಕಾಡಿರುವುದು ಗಾತ್ರದ ತಪ್ಪಲ್ಲ, ತಡ.

ಬೆಂಗಳೂರಿನ 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ. ಅವನ್ನು ಗುರಿಯಾಗಿಟ್ಟ, ಜಪಾನಿನ ಅಭಿವೃದ್ಧಿ ನೆರವು ಸಂಸ್ಥೆ ಜೈಕಾದ ಸಾಲದ ಕಾವೇರಿ ನೀರು ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ. ನಡುವಿನ 17 ವರ್ಷ ಕೊಳವೆಬಾವಿ ಮತ್ತು ಟ್ಯಾಂಕರ್‌ಗಳ ಕಾಲ. ಉದ್ಘಾಟನೆಗೆ ಕೆಲವೇ ತಿಂಗಳ ಮೊದಲು, ಅದೇ ವರ್ಷದ ಬೇಸಿಗೆಯಲ್ಲಿ, ಅವೂ ಕೈಕೊಟ್ಟವು. ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಶೇ 15 ಸೋರಿಕೆ ಕಳೆದು 135ರಿಂದ ಭಾಗಿಸಿದರೆ 49 ಲಕ್ಷ ಜನರ ಹತ್ತಿರ ನಿಲ್ಲುತ್ತದೆ. ಸೋರಿಕೆ ಶೇ 30 ಆದರೆ ಅದೇ ನೀರು 40 ಲಕ್ಷ ಜನರಿಗಷ್ಟೇ. ಅಂದರೆ ತೂತು ಮುಚ್ಚುವುದೂ ವಿನ್ಯಾಸ ಅವಧಿಯನ್ನು ಹಿಗ್ಗಿಸುವ ದಾರಿಯೇ.

ಆದ್ದರಿಂದ ನಿಮ್ಮ ಬಡಾವಣೆಗೆ ಯೋಜನೆ ಬಂದಾಗ ಮೂವತ್ತರ ಅಂಕಿಗಿಂತ ಮೊದಲು ಅದರ ಆರಂಭದ ವರ್ಷವನ್ನೂ, ಆ ವರ್ಷದ ಜನಸಂಖ್ಯೆಯನ್ನು ಎಲ್ಲಿಂದ ತಂದರು ಎಂಬುದನ್ನೂ ನೋಡಿ. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ, ಅಂದರೆ ಎಣಿಕೆ ಯಾವ ದಿನದ ಸ್ಥಿತಿಯನ್ನು ಹೇಳುತ್ತದೋ ಆ ದಿನ, 2027ರ ಮಾರ್ಚ್ 1. ಅದರ ಅಂಕಿ ಕೈಗೆ ಬರುವವರೆಗೆ 2011ರ ಗಣತಿಯ ಜೊತೆಗೆ ವಿದ್ಯುತ್ ಸಂಪರ್ಕಗಳನ್ನೂ ಮಂಜೂರಾದ ಕಟ್ಟಡ ನಕ್ಷೆಗಳನ್ನೂ ಎಣಿಸಿಯೇ ಲೆಕ್ಕ ಹಾಕಬೇಕು.