ಡಬ್ಬದ ಹಿಂಭಾಗ ಓದಿ, ಆಮೇಲೆ ಆಯಿಲ್ ಹಾಕಿ

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಚಿಕ್ಕಬಳ್ಳಾಪುರದ ನಮ್ಮ ಗ್ಯಾರೇಜಿಗೆ ಬರುವ ಬೈಕುಗಳಲ್ಲಿ ಅರ್ಧ ನಂದಿ ಬೆಟ್ಟದಿಂದ ಇಳಿದು ಬಂದವು. ಪಂಕ್ಚರ್ ಆದವರು, ಚೈನ್ ಕಳಚಿಕೊಂಡವರು, ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಒತ್ತಿ ಕಾಯಿಸಿಕೊಂಡವರು. ಕಳೆದ ಚಳಿಗಾಲದಲ್ಲಿ ಬಂದ ಒಬ್ಬ ಹುಡುಗನ ಕತೆ ಬೇರೆ. 150 ಸಿಸಿ ಬೈಕು, ನೋಡಲು ಹೊಸದರ ಹಾಗೇ ಇತ್ತು.

"ಅಣ್ಣಾ, ಎಕ್ಸಲೇಟರ್ ಕೊಟ್ರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಅರ್ಧ ಬೆಟ್ಟಕ್ಕೇ ವಾಪಸ್ ಬಂದೆ."

ಬಗ್ಗಿ ನೋಡಿದರೆ ಸುಟ್ಟ ವಾಸನೆ. ಕ್ಲಚ್ ಪ್ಲೇಟ್ ಸ್ಲಿಪ್ ಹೊಡೆದಾಗ ಬರುವ ವಾಸನೆ ಅದು, ಒಂದು ಸಲ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಆಯಿಲ್ ಮುಚ್ಚಳ ತೆಗೆದೆ. ಒಳಗೆ ಆಯಿಲ್ ಜೇನುತುಪ್ಪದ ಬಣ್ಣದಲ್ಲಿ ತಿಳಿಯಾಗಿತ್ತು. ಯಾವಾಗ ಬದಲಾಯಿಸಿದ್ದು ಅಂತ ಕೇಳಿದೆ.

"ಮೊನ್ನೆ ತಾನೇ ಅಣ್ಣ, ನಾನೇ ಹಾಕ್ದೆ. ಒಳ್ಳೇದೇ ಹಾಕಿದೀನಿ, ಫುಲ್ಲಿ ಸಿಂಥೆಟಿಕ್. ನಮ್ಮ ಮಾವ ಕಾರಿಗೆ ತಂದಿದ್ದರಲ್ಲಿ ಮಿಕ್ಕಿತ್ತು."

ಅಲ್ಲೇ ಎಡವಟ್ಟಾಗಿದ್ದು. ಮಾವನ ಆಯಿಲ್‌ನಲ್ಲಿ ದೋಷ ಇರಲಿಲ್ಲ, ಅದು ಒಳ್ಳೆಯ ಆಯಿಲ್ಲೇ. ಆದರೆ ಕಾರಿನದು.

ಕಾರಿನಲ್ಲಿ ಇಂಜಿನ್ ಆಯಿಲ್‌ಗೆ ಇಂಜಿನ್ ಒಂದೇ ಸಂಸಾರ. ಗೇರ್‌ಬಾಕ್ಸಿಗೆ ಬೇರೆ ಆಯಿಲ್. ಮಾಮೂಲಿ ಗೇರಿನ ಕಾರಿನಲ್ಲಿ ಕ್ಲಚ್ ಹೊರಗಡೆ ಒಣಗಿಕೊಂಡು ಕೂತಿರುತ್ತದೆ, ಅದಕ್ಕೆ ಆಯಿಲ್ ಸೋಕಲೇಬಾರದು. ನಮ್ಮ ಬೈಕುಗಳದ್ದು ಕೂಡುಕುಟುಂಬ. ಹೆಚ್ಚಿನವುಗಳಲ್ಲಿ ಪಿಸ್ಟನ್, ಗೇರು, ಕ್ಲಚ್ ಎಲ್ಲಕ್ಕೂ ಅದೇ ಒಂದು ಲೀಟರ್ ಚಿಲ್ಲರೆ ಆಯಿಲ್. ಒಂದರ ಮೇಲೊಂದು ಜೋಡಿಸಿದ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲೇ ನೆನೆಯುತ್ತಿರುತ್ತವೆ. ಅವುಗಳ ಬಿಸಿಯನ್ನು ಆಯಿಲ್ ಹೀರಬೇಕು, ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವುದನ್ನು ತಪ್ಪಿಸಬಾರದು. ಕಾರುಗಳಿಗೆ ಮಾಡುವ ತೆಳು ಆಯಿಲ್‌ಗಳಲ್ಲಿ, ಅಂದರೆ 0ಡಬ್ಲ್ಯೂ-20, 5ಡಬ್ಲ್ಯೂ-30 ಥರದವುಗಳಲ್ಲಿ, ಮೈಲೇಜ್ ಬರಲಿ ಅಂತ ಉಜ್ಜಾಟ ಕಡಿಮೆ ಮಾಡುವ ರಾಸಾಯನಿಕ ಬೆರೆಸಿರುವುದು ಸಾಮಾನ್ಯ. ಕಾರಿನ ಇಂಜಿನ್‌ಗೆ ಅದು ವರ. ಬೈಕಿನ ಕ್ಲಚ್‌ಗೆ ಬಾಳೆಹಣ್ಣಿನ ಸಿಪ್ಪೆ.

ಆ ಹುಡುಗನ ಕ್ಲಚ್ ಕವರ್ ಬಿಚ್ಚಿದೆ. ಪ್ಲೇಟುಗಳ ಮೈ ಒರಟಾಗಿರಬೇಕಿತ್ತು. ಬೆರಳಾಡಿಸಿದರೆ ಸ್ಟೀಲ್ ತಟ್ಟೆ ಸವರಿದ ಹಾಗೆ ನುಣ್ಣಗಿತ್ತು. ಪ್ಲೇಟ್ ಸೆಟ್ ಬದಲಾಯಿಸಿ, ಸರಿಯಾದ ಆಯಿಲ್ ಹಾಕಿ, 500 ಕಿಲೋಮೀಟರ್ ಓಡಿಸಿ ಮತ್ತೆ ಬಾ ಅಂದೆ. ಎಷ್ಟೇ ಇಳಿಸಿದರೂ ಹಳೇ ಆಯಿಲ್ ಸ್ವಲ್ಪ ಒಳಗೆ ಉಳಿದೇ ಉಳಿಯುತ್ತದೆ, ಅದಕ್ಕೇ ಎರಡನೇ ಸಲ. ಪುಕ್ಕಟೆ ಸಿಕ್ಕ ಆಯಿಲ್ ಅವನಿಗೆ ದುಬಾರಿಯಾಯಿತು.

ಹಾಗಾದರೆ ಅಂಗಡಿಯಲ್ಲಿ ನಿಂತು ಡಬ್ಬದ ಮೇಲೆ ಏನು ನೋಡಬೇಕು? ಮುಂದಿನ ಚಿತ್ರ ಅಲ್ಲ. ಹಿಂದಿನ ಸಣ್ಣ ಅಕ್ಷರ. ಅದರಲ್ಲಿ ನಾನು ಮೊದಲು ಹುಡುಕುವುದು 'ಜಾಸೋ' ಅನ್ನುವ ಪದ. ಇದು ಜಪಾನಿನವರು ಮಾಡಿದ ಗುಣಮಟ್ಟ. ಬೈಕುಗಳ ಆಯಿಲ್‌ಗೆ ಬೇರೆಯೇ ಪರೀಕ್ಷೆ ಬೇಕು ಅಂತ 1998ರಲ್ಲಿ ತಂದರು. ಆಯಿಲ್‌ನಲ್ಲಿ ಕ್ಲಚ್ ಎಷ್ಟು ಹಿಡಿಯುತ್ತದೆ ಅಂತ ಅಳೆದು ಎಂಎ ಅಥವಾ ಎಂಬಿ ಅಂತ ಹೆಸರು ಕೊಡುತ್ತಾರೆ. ಗೇರಿನ ಬೈಕಿಗೆ ಎಂಎ ಬೇಕು. ಎಂಎ2 ಅಂದರೆ ಅದರಲ್ಲೇ ಹಿಡಿತ ಜಾಸ್ತಿ. ಎಂಬಿ ಜಾರುವ ಜಾತಿ, ಅದು ಗೇರಿಲ್ಲದ ಸ್ಕೂಟರಿಗೆ. ಆಕ್ಟಿವಾದಂಥ ಗಾಡಿಯಲ್ಲಿ ಕ್ಲಚ್ಚೂ ಬೆಲ್ಟೂ ಆಯಿಲ್ ಸೋಕದ ಜಾಗದಲ್ಲಿರುತ್ತವೆ, ಆದ್ದರಿಂದ ಜಾರಿದರೂ ತೊಂದರೆ ಇಲ್ಲ, ಇಂಜಿನ್ ಹಗುರಾಗಿ ತಿರುಗುತ್ತದೆ. ಹೆಂಡತಿಯ ಸ್ಕೂಟರಿಗೆ ತಂದ ಡಬ್ಬವನ್ನು ಗಂಡನ ಬೈಕಿಗೆ ಸುರಿಯುವುದು ನಮ್ಮ ಕಡೆ ಆಗಾಗ ನಡೆಯುವ ತಪ್ಪು. ಎರಡರ ಮೇಲೂ 10ಡಬ್ಲ್ಯೂ-30 ಅಂತಲೇ ಬರೆದಿರುತ್ತದೆ ನೋಡಿ, ಯಾರಿಗಾದರೂ ಮೋಸವಾಗುತ್ತದೆ.

ಈಗ ಆ ನಂಬರಿಗೆ ಬರೋಣ. ಡಿಸೆಂಬರ್ ಬೆಳಗ್ಗೆ ನಮ್ಮೂರಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿರುತ್ತದೆ, ಬಿಸಿಲಲ್ಲಿ ಇಟ್ಟು ತಲೆಗೆ ಹಚ್ಚಬೇಕು. ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆ ಆರಾಮಾಗಿ ಸುರಿಯುತ್ತದೆ. ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಹೇಳುವುದು ಅದನ್ನೇ, ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ. ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಚುರುಕು. ಡಬ್ಲ್ಯೂ ಅಂದರೆ ವಿಂಟರ್, ಎಷ್ಟೋ ಜನ ಅದನ್ನು ತೂಕ ಅಂದುಕೊಂಡಿದ್ದಾರೆ. ಡಬ್ಲ್ಯೂ ಆದಮೇಲೆ ಬರುವ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು. 15ಡಬ್ಲ್ಯೂ-50, 20ಡಬ್ಲ್ಯೂ-50 ಎರಡೂ ಬಿಸಿಯಾದ ಮೇಲೆ ಒಂದೇ ಮಟ್ಟದವು. ವ್ಯತ್ಯಾಸ ಬೆಳಗಿನ ಮೊದಲ ಕಿಕ್‌ನಲ್ಲಿ.

ಯಾವ ಗಾಡಿಗೆ ಯಾವುದು ಅನ್ನುವುದನ್ನು ನಾನೂ ನೀವೂ ತೀರ್ಮಾನಿಸಬೇಕಾಗಿಲ್ಲ, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಸ್ಪ್ಲೆಂಡರ್‌ಗೆ 10ಡಬ್ಲ್ಯೂ-30. ಪಲ್ಸರ್ 150ಗೆ 20ಡಬ್ಲ್ಯೂ-50. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಗೆ 15ಡಬ್ಲ್ಯೂ-50. ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಹಳೇ ಟಿವಿಎಸ್ ಎಕ್ಸ್‌ಎಲ್, ಆರ್‌ಎಕ್ಸ್ 100 ಥರದ ಟೂ ಸ್ಟ್ರೋಕ್ ಗಾಡಿಗಳ ಲೆಕ್ಕವೇ ಬೇರೆ. ಅವುಗಳಲ್ಲಿ 2ಟಿ ಆಯಿಲ್ ಪೆಟ್ರೋಲ್ ಜೊತೆ ಉರಿದು ಹೋಗುತ್ತದೆ, ಗೇರಿಗೆ ಬೇರೆ ಆಯಿಲ್ ಇರುತ್ತದೆ.

ಪುಸ್ತಕ ಹೇಳಿದರೂ ಕೇಳದವರಿದ್ದಾರೆ. ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ನಮ್ಮ ಹಳೇ ಗಿರಾಕಿ. ಗೂಡಿನ ಚೀಲ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋಗುವುದೂ, ಹಾಲಿನ ಕ್ಯಾನ್ ಡೇರಿಗೆ ಹಾಕುವುದೂ ಎಲ್ಲ ಒಂದೇ ಸ್ಪ್ಲೆಂಡರ್‌ನಲ್ಲಿ.

"ಈ 30 ನೀರಿದ್ದಂಗದೆ ಕಣಪ್ಪ. ನನ್ನ ಗಾಡಿ ಲೋಡ್ ಹೊರುತ್ತೆ. ಬುಲೆಟ್‌ಗೆ ಹಾಕ್ತೀಯಲ್ಲ, ಆ ದಪ್ಪದ್ದೇ ಹಾಕು."

"ಯಜಮಾನ್ರೇ, ಮಜ್ಜಿಗೆ ಕುಡಿಯೋ ಸ್ಟ್ರಾದಲ್ಲಿ ಮೊಸರು ಹೀರಿದಂಗಾಗುತ್ತೆ" ಅಂದೆ. ನಕ್ಕರು, ಒಪ್ಪಲಿಲ್ಲ. ಒಪ್ಪಿಸಲು ಎರಡು ಸರ್ವಿಸ್ ಬೇಕಾಯಿತು.

ಸಣ್ಣ ಇಂಜಿನ್‌ನಲ್ಲಿ ಆಯಿಲ್ ದಾರಿಗಳೂ ಸಣ್ಣವು, ಪಂಪೂ ಸಣ್ಣದು. ಎಲ್ಲವನ್ನೂ 30ರ ಲೆಕ್ಕಕ್ಕೇ ಮಾಡಿರುತ್ತಾರೆ. ಬೆಳಿಗ್ಗೆ ಐದಕ್ಕೆ ಡೇರಿಗೆ ಹೊರಟಾಗ ದಪ್ಪ ಆಯಿಲ್ ಮೇಲಿನ ಹೆಡ್‌ಗೆ ಏರುವುದು ತಡವಾಗುತ್ತದೆ. ಅಷ್ಟು ಹೊತ್ತು ಅಲ್ಲಿ ವಾಲ್ವ್ ತೆರೆಯುವ ಕ್ಯಾಮು, ರಾಕರು ಒಣಗಿದಂತೆ ಉಜ್ಜುತ್ತವೆ. ಸವೆತ ಜಾಸ್ತಿ ಆಗುವುದೇ ಆ ಹೊತ್ತಿನಲ್ಲಿ. ಮೈಲೇಜ್ ಬೀಳುವುದು ಬೇರೆ. ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಲಕ್ಷ ಕಿಲೋಮೀಟರ್ ದಾಟಿ ಹೊಗೆ ಬಿಡುತ್ತಿರುವ ಗಾಡಿಗೆ, ಸವೆದ ಸಿಲಿಂಡರ್ ಕೊರೆಸುವ ಬೋರ್ ಕೆಲಸಕ್ಕೆ ಸದ್ಯಕ್ಕೆ ದುಡ್ಡಿಲ್ಲ ಅಂದವರಿಗೆ, ನಾನೇ 20ಡಬ್ಲ್ಯೂ-40 ಹಾಕಿ ಕಳಿಸಿದ್ದಿದೆ. ಅದು ನೋವಿನ ಮಾತ್ರೆ, ಚಿಕಿತ್ಸೆ ಅಲ್ಲ.

ಇನ್ನೊಂದು ಅಕ್ಷರ ಎಪಿಐ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಗುಣಮಟ್ಟ. ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್ ಅಂತ ಇರುತ್ತದೆ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. 2020ರಲ್ಲಿ ಎಸ್‌ಪಿ ಬಂತು. ಪುಸ್ತಕದಲ್ಲಿ ಹೇಳಿದ್ದು ಅಥವಾ ಅದಕ್ಕಿಂತ ಮುಂದಿನದು ಇದ್ದರೆ ಆಯಿತು, ಜಾಸೋ ಎಂಎ ಪಕ್ಕದಲ್ಲಿ ಇರಬೇಕು ಅಷ್ಟೆ. ಸಿ ಅಕ್ಷರದಿಂದ ಶುರುವಾಗುವುದು ಡೀಸೆಲ್ ಇಂಜಿನ್‌ಗೆ. ಟ್ರ್ಯಾಕ್ಟರ್‌ಗೆ ತಂದ ಬಕೆಟ್ಟಿನಿಂದ ಬೈಕಿಗೂ ಒಂದು ಲೀಟರ್ ಸುರಿದುಕೊಳ್ಳುವವರು ಹಳ್ಳಿಗಳಲ್ಲಿ ಬೇಕಾದಷ್ಟು ಜನ. ಅದರಲ್ಲಿ ಕ್ಲಚ್ ಕೂಡಲೇ ಜಾರುತ್ತದೆ ಅಂತ ಹೆದರಿಸುವುದಿಲ್ಲ. ಆದರೆ ಬೈಕಿನಷ್ಟು ಜೋರಾಗಿ ತಿರುಗುವ ಇಂಜಿನ್‌ಗೆ ಮಾಡಿದ ಆಯಿಲ್ ಅದಲ್ಲ.

ಮಿನರಲ್ಲಾ, ಸಿಂಥೆಟಿಕ್ಕಾ? ಇದು ದಿನಾ ಕೇಳುವ ಪ್ರಶ್ನೆ. ಮಿನರಲ್ ಅಂದರೆ ಕಚ್ಚಾ ತೈಲವನ್ನು ಶುದ್ಧ ಮಾಡಿ ತೆಗೆದದ್ದು, ಸಿಂಥೆಟಿಕ್ ಅಂದರೆ ರಾಸಾಯನಿಕವಾಗಿ ತಯಾರಿಸಿದ್ದು. ಸಿಂಥೆಟಿಕ್ ಬಿಸಿ ತಡೆಯುತ್ತದೆ, ಬೇಗ ಹಾಳಾಗುವುದಿಲ್ಲ, ಅದು ನಿಜ. ಕೆಟಿಎಂ ಡ್ಯೂಕ್ ಥರದ ಬಿಸಿ ತಲೆಯ ಗಾಡಿಗೆ ಅದೇ ಬೇಕು. ನೂರು ಸಿಸಿ ಗಾಡಿಯಲ್ಲಿ ಮನೆಯಿಂದ ತೋಟಕ್ಕೆ ಹೋಗಿ ಬರುವವರಿಗೆ ಮಿನರಲ್ ಆಯಿಲನ್ನೇ ಸಮಯಕ್ಕೆ ಸರಿಯಾಗಿ ಬದಲಾಯಿಸಿದರೆ ಸಾಕು. ಒಂದು ಸಲ ಸಿಂಥೆಟಿಕ್ ಹಾಕಿದರೆ ಮತ್ತೆ ಮಿನರಲ್ ಹಾಕಬಾರದು ಅನ್ನುವುದು ಸುಮ್ನೆ ಹಬ್ಬಿದ ಮಾತು. ಇನ್ನು ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಅನ್ನುವುದನ್ನೂ ಪುಸ್ತಕವೇ ಹೇಳುತ್ತದೆ. ಕ್ರಷರ್ ಧೂಳಿನ ರಸ್ತೆಯಲ್ಲಿ ದಿನಾ ಓಡಾಡುವವರು ಅದಕ್ಕಿಂತ ಸ್ವಲ್ಪ ಮೊದಲೇ ಬನ್ನಿ. ಗಾಡಿ ಓಡದೆ ನಿಂತಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ. ಆಯಿಲ್ ಕಪ್ಪಾಯಿತು ಅಂತ ಗಾಬರಿ ಬೇಡ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಹಾಲು ಹಾಕಿದ ಕಾಫಿ ಬಣ್ಣ ಬಂದರೆ ಮಾತ್ರ ಗಾಡಿ ನಿಲ್ಲಿಸಿ, ಒಳಗೆ ನೀರು ಸೇರಿದೆ.

ಇಷ್ಟೆಲ್ಲ ಹೇಳಿದ ಮೇಲೂ, ನನ್ನ ಬೆಂಚಿನ ಮೇಲೆ ಸೀಜ್ ಆಗಿ ಬಂದ ಇಂಜಿನ್‌ಗಳಲ್ಲಿ ತಪ್ಪು ಆಯಿಲ್‌ನಿಂದ ಹೋದವು ಕಡಿಮೆ. ಆಯಿಲ್ಲೇ ಇಲ್ಲದೆ ಹೋದವು ಜಾಸ್ತಿ. ಸಣ್ಣ ಬೈಕಿನಲ್ಲಿ ಇರುವುದೇ ಲೀಟರಿನ ಆಸುಪಾಸು. ಮುನ್ನೂರು ಎಂಎಲ್ ಉರಿದುಹೋದರೆ ಮೂರನೇ ಒಂದು ಭಾಗ ಹೋದ ಹಾಗೆ. ಸಮ ನೆಲದಲ್ಲಿ ಮೇನ್ ಸ್ಟ್ಯಾಂಡ್ ಹಾಕಿ, ಎರಡು ಮೂರು ನಿಮಿಷ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಅಷ್ಟೇ ಹೊತ್ತು ಬಿಡಿ. ಕಡ್ಡಿ ಒರೆಸಿ ಮತ್ತೆ ಇಳಿಸಿ ನೋಡಿ. ಸ್ಪ್ಲೆಂಡರ್‌ನಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡದೆ, ಹಾಗೇ ಇಟ್ಟು ಅಳೆಯಬೇಕು. ಎರಡು ಗೆರೆಗಳ ಮಧ್ಯೆ ಇದ್ದರೆ ಸರಿ. ಇರಲಿ ಅಂತ ಮೇಲಿನ ಗೆರೆ ದಾಟಿಸುವುದೂ ಬೇಡ, ಹೆಚ್ಚಾದ ಆಯಿಲ್ ಏರ್ ಫಿಲ್ಟರಿಗೆ ಹೋಗಿ ಅದನ್ನು ಕೆಡಿಸುತ್ತದೆ.

ಕೊನೆಯದಾಗಿ ಡೂಪ್ಲಿಕೇಟ್ ವಿಷಯ. ಹೆಸರಾಂತ ಕಂಪನಿಯ ಖಾಲಿ ಡಬ್ಬಕ್ಕೆ ಲೂಸ್ ಆಯಿಲ್ ತುಂಬಿ ಮಾರುವವರಿದ್ದಾರೆ. ಸೀಲ್ ನಿಮ್ಮ ಎದುರೇ ಒಡೆಸಿ, ಬಿಲ್ ತಗೊಳ್ಳಿ. ನಾನಂತೂ ಆಯಿಲ್ ಸುರಿದ ಕೂಡಲೇ ಡಬ್ಬಕ್ಕೆ ಸ್ಕ್ರೂಡ್ರೈವರ್‌ನಿಂದ ಒಂದು ತೂತು ಹಾಕುತ್ತೇನೆ. "ಅಯ್ಯೋ, ಡಬ್ಬ ಚೆನ್ನಾಗಿತ್ತಲ್ಲಣ್ಣ, ಮನೆಗೆ ತಗೊಂಡು ಹೋಗ್ತಿದ್ನಲ್ಲ" ಅಂತ ಮುಖ ಸಣ್ಣ ಮಾಡುವವರಿಗೆ ಮೇಲಿನ ಭಾಗ ಕತ್ತರಿಸಿ ಕೊಡುತ್ತೇನೆ. ಮೊಳೆ, ನಟ್ಟು, ಬೋಲ್ಟು ಹಾಕಿಡಲು ಚೆನ್ನಾಗಿರುತ್ತದೆ.